ಲಾಕ್‌ಪೋರ್ಟ್ ನಾಲೆಗೆ ಮೂರು ಕಿತ್ತಳೆ

ಅಮೆರಿಕಕ್ಕೆ ಹೋಗಿಬಂದವರೆಲ್ಲ ನಯಾಗರದ ಬಗ್ಗೆ ಬರೆಯುತ್ತಾರೆ. ನಾನೂ ನಯಾಗರ ನೋಡಿದೆ. ನೀರು ಬೀಳುತ್ತದೆ, ಜನ ನೆನೆಯುತ್ತಾರೆ, ಅಷ್ಟೆ. ನಾನು ಬರೆಯಲು ಕೂತಿರುವುದು ಎಮ್ಮೆಯೊಂದು ಆರಾಮಾಗಿ ಈಜಿ ದಾಟಬಹುದಾದಷ್ಟು ಅಗಲದ, ದಡದಲ್ಲಿ ಪಾಚಿ ಕಟ್ಟಿದ ಒಂದು ಹಳೇ ನಾಲೆಯ ಬಗ್ಗೆ. ನನ್ನ ತಮ್ಮ ರಿಯಾಜ್ ಇದನ್ನು ಬರೆಯಬೇಡ ಎಂದಿದ್ದ. ಬರೆಯುತ್ತಿದ್ದೇನೆ.

ಅರೋರಾ: ಮಾಡಬಾರದ್ದರ ಪಟ್ಟಿ

ನ್ಯೂಯಾರ್ಕಿನ ಆ ಎರಡು ಗೋಪುರ ಬಿದ್ದ ಮೂರನೇ ವರ್ಷ ಅದು. ನಾನು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾಗಿ, ಶಿಕಾಗೋ ಹತ್ತಿರದ ಅರೋರಾದಲ್ಲಿ ತಮ್ಮನ ಮನೆಗೆ ಮೂರು ತಿಂಗಳಿಗೆಂದು ಹೋಗಿದ್ದೆ. ಅವನಿಗೆ ಮುಂದಿನ ಗುರುವಾರ ಸಿಟಿಜನ್‌ಶಿಪ್ ಸಂದರ್ಶನವಿತ್ತು. ಹದಿನೈದು ವರ್ಷ ಅಲ್ಲಿದ್ದು, ತೆರಿಗೆ ಕಟ್ಟಿ, ಚಳಿಗಾಲದಲ್ಲಿ ಅಕ್ಕಪಕ್ಕದವರ ಮನೆ ಮುಂದಿನ ಹಿಮವನ್ನೂ ತಾನೇ ಎತ್ತಿಹಾಕಿ, ಕಡೆಗೆ ಬಂದ ಸಂದರ್ಶನ. ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಯಾವತ್ತಾದರೂ, ಯಾವ ಕಾರಣಕ್ಕಾದರೂ, ಪೊಲೀಸರು ನಿಮ್ಮನ್ನು ಹಿಡಿದಿದ್ದಾರೆಯೇ, ತಡೆದಿಟ್ಟಿದ್ದಾರೆಯೇ? ಅದಕ್ಕೆ ಅವನು 'ಇಲ್ಲ' ಎಂದು ಗುರುತು ಹಾಕಿದ್ದ. ಆ 'ಇಲ್ಲ'ವನ್ನು ಗುರುವಾರದವರೆಗೆ ಉಳಿಸಿಕೊಳ್ಳುವುದೇ ಅವನ ಬದುಕಿನ ಏಕೈಕ ಕೆಲಸವಾಗಿತ್ತು.

ಹಾಗಾಗಿ ನನಗೊಂದು ಪಟ್ಟಿ. ಸೇತುವೆಯ ಫೋಟೋ ತೆಗೆಯಬಾರದು. ಅಂಗಡಿಯಲ್ಲಿ ಜೋರಾಗಿ ಮಾತಾಡಬಾರದು. ಹೊರಗೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯಬಾರದು. "ನೋಡಿದೋರು ಅದು ಅರಬ್ಬಿ ಅಂದ್ಕೋತಾರೆ ಆಪಾ" ಅಂದ. ಕನ್ನಡದ ದುಂಡು ಅಕ್ಷರವನ್ನು ಅರಬ್ಬಿ ಎಂದುಕೊಳ್ಳುವವರಿಗೆ ನಾನೇಕೆ ಹೆದರಬೇಕು ಎಂದು ಕೇಳಿದೆ. ಮೂವತ್ತೆರಡು ವರ್ಷ ಮಕ್ಕಳಿಗೆ 'ಗಟ್ಟಿಯಾಗಿ ಓದು' ಎಂದು ಹೇಳಿದವಳಿಗೆ ಈಗ ಈ ಹುಡುಗ 'ಮೆಲ್ಲಕೆ' ಎನ್ನುತ್ತಾನೆ. ಆಫೀಸಿನಲ್ಲಿ ಅವನ ಹೆಸರು ರಿಯಾಜ್ ಅಲ್ಲ, 'ರೇ'. ಚೆಕ್ಕಿನ ಮೇಲೆ ರುಜುವನ್ನೂ ಹಾಗೇ ಏನೋ ಗೀಚುತ್ತಾನೆ.

ಹತ್ತಿರದಲ್ಲೇ ಲಾಕ್‌ಪೋರ್ಟ್ ಎಂಬ ಊರಿದೆ, ಹಳೇ ಕಾಲದಲ್ಲಿ ಕಾಲುವೆಯಿಂದಲೇ ಹುಟ್ಟಿದ ಊರು ಎಂದು ಲೈಬ್ರರಿಯ ಒಂದು ಹಾಳೆಯಲ್ಲಿ ಓದಿದೆ. ಆಮೇಲೆ ನನ್ನನ್ನು ಮನೆಯಲ್ಲಿ ಕೂರಿಸಲು ಯಾರಿಂದಲೂ ಆಗಲಿಲ್ಲ. ಕಾರಣವಿದೆ. ನಮ್ಮದು ಮಲೇಬೆನ್ನೂರು. ಅಬ್ಬಾ ಭದ್ರಾ ನಾಲೆಯಲ್ಲಿ ನೀರುಗಂಟಿಯಾಗಿದ್ದರು. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ನಮ್ಮದು ಉರ್ದು, ನಾಲೆಯ ಏರಿ ಮೇಲೆ ಕನ್ನಡ. ಲೆಕ್ಕ, ಬೈಗುಳ, ಪಂಚಾಯ್ತಿ ಎಲ್ಲ ಕನ್ನಡದಲ್ಲೇ. ಇವತ್ತಿಗೂ ನಾನೂ ತಮ್ಮನೂ ಜಗಳಕ್ಕೆ ನಿಂತರೆ ಬಾಯಿಗೆ ಬರುವುದು ಕನ್ನಡವೇ. ಅವನ ಹೆಂಡತಿ ನಸ್ರೀನ್ ಹೈದರಾಬಾದಿನವಳು; ಪಾಪ, ನಮ್ಮಿಬ್ಬರ ಮುಖ ನೋಡಿಯೇ ವಿಷಯ ಊಹಿಸಿಕೊಳ್ಳುತ್ತಾಳೆ.

"ಫುಪ್ಪೂ, ಇಟ್ಸ್ ಜಸ್ಟ್ ಎ ಡಿಚ್" ಎಂದು ಹೇಳಿ ತಮ್ಮನ ಮಗಳು ಸಾಕರ್ ಆಡಲು ಹೋದಳು. ಅವಳನ್ನು ಕರೆದೊಯ್ಯಲು ನಸ್ರೀನ್. ಕಡೆಗೆ ಹೊರಟವರು ನಾನು, ರಿಯಾಜ್ ಇಬ್ಬರೇ; ಜೊತೆಗೆ ನಸ್ರೀನ್ ಚೀಲಕ್ಕೆ ಹಾಕಿಕೊಟ್ಟ ಪರೋಟ, ನೀರು, ಮೂರು ಕಿತ್ತಳೆ ಹಣ್ಣು.

ಐವತ್ತೈದನೇ ಹೆದ್ದಾರಿ: ತಪ್ಪಿದ ಎಕ್ಸಿಟ್

ಅಲ್ಲಿ ದಾರಿ ತಪ್ಪಿದರೆ ಕಿಟಕಿ ಇಳಿಸಿ 'ಅಣ್ಣಾ, ಈ ಊರಿಗೆ ಯಾವ ಕಡೆ' ಎಂದು ಕೇಳುವಂತಿಲ್ಲ. ಕೇಳಲು ರಸ್ತೆಯಲ್ಲಿ ಮನುಷ್ಯರೇ ಇರುವುದಿಲ್ಲ. ಎಕ್ಸಿಟ್ ಒಂದು ತಪ್ಪಿತೋ, ಮುಂದಿನದು ಸಿಗುವವರೆಗೆ ಸುಮ್ಮನೆ ಹೋಗುತ್ತಿರಬೇಕು. ನಾವು ತಪ್ಪಿಸಿದೆವು. ತಪ್ಪು ನನ್ನದೇ. ದೂರದಲ್ಲಿ ಎಣ್ಣೆ ಕಾರ್ಖಾನೆಯೊಂದರ ಚಿಮಣಿಗಳು ಬೆಂಕಿ ಉಗುಳುತ್ತಿದ್ದವು. ನಾನು ಕ್ಯಾಮೆರಾ ತೆಗೆದೆ. ರಿಯಾಜ್ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ನನ್ನ ಕ್ಯಾಮೆರಾಕ್ಕೆ ಅಡ್ಡ ಹಿಡಿದ. ಅಷ್ಟರಲ್ಲಿ ಎಕ್ಸಿಟ್ ಹಿಂದೆ ಹೋಗಿತ್ತು.

"ಆಪಾ, ಗುರುವಾರದ ತನಕ ತಡ್ಕೋ. ಕೈ ಮುಗೀತೀನಿ."

"ಸ್ಟೀರಿಂಗ್ ಹಿಡ್ಕೊಂಡು ಕೈ ಮುಗೀಬ್ಯಾಡ, ಇಬ್ರೂ ಹೋಗ್ತೀವಿ" ಅಂದೆ.

ಅವನಿಗೆ ನಗು ಬರಲಿಲ್ಲ. ಚಿಕ್ಕಂದಿನಲ್ಲಿ ಇವನು ಎಷ್ಟು ನಗುತ್ತಿದ್ದ, ಎಷ್ಟು ಕೂಗುತ್ತಿದ್ದ! ನಾಲೆಯ ಈ ದಡದಲ್ಲಿ ಕೂಗಿದರೆ ಆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು 'ಯಾರಪ್ಪಾ ಇವ್ನು' ಎಂದು ತಲೆ ಎತ್ತಬೇಕು. ಆ ಹುಡುಗ ಎಲ್ಲಿ ಹೋದ ಎಂದು ನನಗೆ ದುಃಖವೂ ಆಯಿತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು.

ಲಾಕ್‌ಪೋರ್ಟ್: ನೀರು ಮುಟ್ಟದ ಊರು

ಊರು ಚೆಂದ. ಹಳದಿ ಸುಣ್ಣದ ಕಲ್ಲಿನ ಕಟ್ಟಡಗಳು, ದಪ್ಪ ಗೋಡೆ, ಸಣ್ಣ ಕಿಟಕಿ. ದಂಡೆಯ ಮೇಲೆ ಕಾಲುವೆಯ ಕಾಲದ ಒಂದು ಗೋದಾಮು ಇನ್ನೂ ಗಟ್ಟಿಮುಟ್ಟಾಗಿ ನಿಂತಿದೆ. ಅಲ್ಲಿ ಬಂದವರಿಗೆ ಸಂಬಳವಿಲ್ಲದೆ ಊರಿನ ಕಥೆ ಹೇಳುವ ಒಬ್ಬ ಅಜ್ಜಿ ಇದ್ದಳು. ಎಂಬತ್ತು ದಾಟಿರಬೇಕು, ತುಟಿಗೆ ಕೆಂಪು ಬಣ್ಣ. ನನ್ನನ್ನು ನೋಡಿದ್ದೇ 'ಹನಿ' ಎಂದು ಕರೆದು ಕುರ್ಚಿ ಎಳೆದು ಕೂರಿಸಿದಳು. ಆ ದೇಶದ ಈ ಅಭ್ಯಾಸ ನನಗೆ ಬಹಳ ಹಿಡಿಸಿತು: ಗುರುತಿಲ್ಲದವರನ್ನೂ ಪ್ರೀತಿಯ ಹೆಸರಿಟ್ಟು ಕರೆಯುತ್ತಾರೆ, ಗುರುತಿರುವವರ ಮನೆಗೆ ಮಾತ್ರ ಫೋನ್ ಮಾಡದೆ ಹೋಗುವುದಿಲ್ಲ.

ದೊಡ್ಡ ಸರೋವರದಿಂದ ನದಿಗೆ ದೋಣಿ ಹೋಗಲೆಂದು ಐರಿಷ್ ಕೂಲಿಗಳು ಗುದ್ದಲಿಯಲ್ಲಿ ಅಗೆದ ಕಾಲುವೆಯಂತೆ. ಹೇಸರಗತ್ತೆಗಳು ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ ದೋಣಿ ಎಳೆಯುತ್ತಿದ್ದವಂತೆ. ನೆಲ ಇಳಿಜಾರಾದ ಕಡೆ 'ಲಾಕ್' ಎಂಬ ಕಲ್ಲಿನ ತೊಟ್ಟಿ. ಎರಡು ಕಡೆ ಬಾಗಿಲು. ದೋಣಿಯನ್ನು ಒಳಗೆ ಬಿಟ್ಟು ನೀರು ತುಂಬಿಸಿದರೆ ಮೇಲೇಳುತ್ತದೆ, ನೀರನ್ನು ಹೊರಬಿಟ್ಟರೆ ಇಳಿಯುತ್ತದೆ. ಊರಿನ ಹೆಸರೇ ಅದರಿಂದ ಬಂದಿದೆ. "ಜ್ವರ ಬಂದು ಎಷ್ಟೋ ಕೂಲಿಗಳು ಸತ್ತರು ಹನಿ, ಅವರ ಹೆಸರು ಯಾರೂ ಬರೆದಿಡಲಿಲ್ಲ" ಎಂದು ಅಜ್ಜಿ ಹೇಳಿದಳು. ಬಾಗಿಲು ತೆಗೆದು ಹಾಕುತ್ತಿದ್ದವನ ಕೆಲಸದ ಬಗ್ಗೆ ನಾನು ಕೇಳಿದೆ. ಲಾಕಿನ ಪಕ್ಕದಲ್ಲೇ ಮನೆ, ಹೊತ್ತು ಗೊತ್ತು ಇಲ್ಲದ ಕೆಲಸ, ದೋಣಿಯವರ ಬೈಗುಳ ಎಂದಳು. ನಮ್ಮಪ್ಪನೂ ಅದೇ ಕೆಲಸದವರು ಎಂದೆ. ಅಜ್ಜಿ ನನ್ನ ಕೈ ಹಿಡಿದು ಕುಲುಕಿದಳು. ರಿಯಾಜ್ ಆಚೆ ಗೋಡೆಯ ಫೋಟೋ ನೋಡುವ ಹಾಗೆ ತಿರುಗಿ ನಿಂತ. ಅವನ ಆಫೀಸಿನಲ್ಲಿ ಅಬ್ಬಾ 'ಇರಿಗೇಶನ್ ಇಂಜಿನಿಯರ್' ಆಗಿದ್ದರು ಎಂದು ಹೇಳಿಕೊಂಡಿದ್ದಾನೆ. ನಸ್ರೀನ್ ಬಾಯ್ತಪ್ಪಿ ಹೇಳಿದ್ದಳು.

ಹೊರಗೆ ದಂಡೆಯ ಮೇಲೆ ಜನ ಓಡುತ್ತಿದ್ದರು, ನಾಯಿಗಳನ್ನು ಸುತ್ತಾಡಿಸುತ್ತಿದ್ದರು, ನಾಯಿಯ ಹಿಂದೆ ಚೀಲ ಹಿಡಿದು ಬಗ್ಗಿ ಎತ್ತುತ್ತಿದ್ದರು. ಎದುರಾದವರೆಲ್ಲ 'ಹಾಯ್' ಅನ್ನುತ್ತಾರೆ. ಆದರೆ ಒಬ್ಬರೂ ನೀರು ಮುಟ್ಟುವುದಿಲ್ಲ! ನಮ್ಮ ನಾಲೆಯಲ್ಲಿ ಬಟ್ಟೆ, ಪಾತ್ರೆ, ಎಮ್ಮೆ, ಟ್ರ್ಯಾಕ್ಟರ್, ಮದುವೆ ಮನೆಯ ಜಮಖಾನ ಎಲ್ಲ ಮಿಂದೆದ್ದು ಬರುತ್ತವೆ. ಇಲ್ಲಿ ನೀರನ್ನು ಷೋಕೇಸಿನ ಬೊಂಬೆಯ ಹಾಗೆ ಇಟ್ಟಿದ್ದಾರೆ. ನೀರುಗಂಟಿಯ ಮಗಳು ಅಷ್ಟು ದೂರ ಹೋಗಿ ದಂಡೆಯಲ್ಲಿ ನಿಂತು 'ಹಾಯ್' ಎಂದು ಬರುವುದೇ? ನನ್ನಿಂದಾಗಲಿಲ್ಲ.

ದಂಡೆ: ಒಂದು, ಎರಡು

ನೀರು ಅಳೆಯಲು ಅಬ್ಬಾ ಹತ್ತಿರ ಯಂತ್ರವಿರಲಿಲ್ಲ. ದಂಡೆಯಲ್ಲಿ ಎರಡು ಗುರುತು ಮಾಡುವುದು, ಮೇಲಿನ ಗುರುತಿನಾಚೆ ಉದುರಿದ ತೆಂಗಿನ ಹೀಚೊಂದನ್ನು ನೀರಿಗೆ ಬಿಡುವುದು, ಅದು ಗುರುತು ದಾಟುವಾಗ 'ಬಿಟ್ಟೆ!' ಎಂದು ಕೂಗುವುದು. ಕೆಳಗಿನ ಗುರುತಿನಲ್ಲಿ ನಿಂತವನು ಅದು ಬಂದಾಗ 'ಬಂತು!' ಎಂದು ಕೂಗಬೇಕು. ನಡುವೆ ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ನಾನು ನೋಡುತ್ತಿದ್ದೆ. 'ಬಂತು' ಎನ್ನುವವನು ರಿಯಾಜ್. ಹೀಗೆ ಮೂರು ಸಲ. "ಒಂದು ಸಲ ಗಾಳಿ ಬೀಸಿರುತ್ತೆ, ಒಂದು ಸಲ ಕಸಕ್ಕೆ ಸಿಕ್ಕಿರುತ್ತೆ. ಮೂರು ಸಲ ನೋಡದೆ ಬುಕ್ಕಲ್ಲಿ ಲೆಕ್ಕ ಮುಗಿಸ್ಬ್ಯಾಡ" ಎನ್ನುತ್ತಿದ್ದರು ಅಬ್ಬಾ. ಬರೆದ ಮೇಲೆ 'ಬಂತು' ಎಂದವನು ಪಕ್ಕದಲ್ಲಿ ಸಾಕ್ಷಿ ರುಜು ಹಾಕಬೇಕು. ಕೊನೆ ಭಾಗದ ರೈತರು ದೊಣ್ಣೆ ಹಿಡಿದು 'ನೀರೇ ಬಿಟ್ಟಿಲ್ಲ' ಎಂದು ಬಂದಾಗ ಆ ಬುಕ್ಕೇ ಅಬ್ಬಾನ ತಲೆ ಕಾಯುತ್ತಿತ್ತು.

ರಿಯಾಜ್ ಕಾಫಿ ತರಲು ಹೋದ. ಲಾಕಿನ ಕೆಳಗೆ ನೀರಿಗೆ ಸ್ವಲ್ಪ ಅವಸರವಿತ್ತು. ಒಂದು ದೀಪದ ಕಂಬದಿಂದ ಮುಂದಿನ ಕಂಬಕ್ಕೆ ಐವತ್ತು ಹೆಜ್ಜೆ ಅಳೆದೆ. ಹೀಚು ಎಲ್ಲಿ ತರಲಿ? ಚೀಲದಲ್ಲಿ ಕಿತ್ತಳೆ ಇತ್ತು. ಬಿಟ್ಟೆ ನೋಡಿ! ಮುಕ್ಕಾಲು ಮುಳುಗಿ, ಗಾಳಿಗೆ ಜಗ್ಗದೆ, ನೀರಿನ ಜೊತೆಗೇ ಹೋಯಿತು. ತೆಂಗಿನ ಹೀಚಿಗಿಂತ ವಾಸಿ. ಸೀರೆ, ಅದರ ಮೇಲೆ ನಸ್ರೀನಳ ಕೋಟು, ತಲೆಗೆ ಸ್ಕಾರ್ಫು, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ, ಕೈಯಲ್ಲಿ ಗಡಿಯಾರ. ಕುಂಟು ಮೊಣಕಾಲಿನಲ್ಲಿ ಹಣ್ಣಿನ ಜೊತೆ ದಾಪುಗಾಲು ಹಾಕಿದೆ. ನಲವತ್ತೊಂದು ಸೆಕೆಂಡು. ವಾಪಸ್ ಬಂದು ಎರಡನೆಯದು ಬಿಟ್ಟೆ. ಮೂವತ್ತೆಂಟು. ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬಹಳ ವರ್ಷದ ಮೇಲೆ ಅಷ್ಟು ಖುಷಿಯಾಗಿತ್ತು.

ತಲೆ ಎತ್ತಿದರೆ ಎದುರಿಗೆ ಪೊಲೀಸ್.

ಅವನ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ. ಮೂವತ್ತರ ಆಸುಪಾಸಿನ ಹುಡುಗ, ಮರ್ಯಾದೆಯಾಗಿಯೇ ಮಾತಾಡಿದ. ಯಾರೋ ಫೋನ್ ಮಾಡಿದ್ದಾರೆ ಮೇಡಂ, ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬಳು ಲಾಕಿನ ಹತ್ತಿರ ನೀರಿಗೆ ಏನೋ ಎಸೆದು ಗಡಿಯಾರ ನೋಡಿಕೊಳ್ಳುತ್ತಿದ್ದಾಳೆ ಅಂತ. ಏನು ಎಸೆದಿರಿ?

'ಕಿತ್ತಳೆ' ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ರಿಯಾಜ್ ಓಡಿಬಂದ. ಎರಡು ಕೈಯಲ್ಲೂ ಕಾಫಿ ಲೋಟ. ಮುಖ ಸುಣ್ಣ ಬಳಿದ ಹಾಗೆ.

"ಸಾರಿ ಆಫೀಸರ್, ವೆರಿ ಸಾರಿ. ನನ್ನ ಅಕ್ಕ. ವಯಸ್ಸಾಗಿದೆ. ಅವಳಿಗೆ ಏನೂ ಗೊತ್ತಾಗಲ್ಲ."

ಏನೂ ಗೊತ್ತಾಗಲ್ಲ! ಇವನಿಗೆ ಅಆಇಈ ತಿದ್ದಿಸಿದವಳು ನಾನು. ಅಷ್ಟಕ್ಕೇ ನಿಲ್ಲಲಿಲ್ಲ. ಕಾಫಿ ಬೆಂಚಿನ ಮೇಲಿಟ್ಟು, ನನ್ನ ತೊಡೆಯ ಮೇಲಿದ್ದ ನೋಟ್‌ಬುಕ್ ಎತ್ತಿ ಪೊಲೀಸನ ಕಡೆ ಚಾಚಿದ. ಬೇಕಾದರೆ ಇಟ್ಟುಕೊಳ್ಳಿ ಸರ್, ನಮಗೆ ಬೇಡ, ಎಂದ. ಆ ಹುಡುಗ ಕೇಳಿರಲೂ ಇಲ್ಲ!

ನಾನು ಎದ್ದು ನಿಂತು ನೋಟ್‌ಬುಕ್ ಕಸಿದುಕೊಂಡೆ. "ಇದು ನಂದು. ಕೊಡೋದಕ್ಕೆ ನೀನ್ಯಾರು?"

"ಆಪಾ, ಮೆಲ್ಲಕೆ…"

"ಯಾಕೆ ಮೆಲ್ಲಕೆ? ಕದ್ದಿದೀನಾ?"

ಆಮೇಲೆ ಪೊಲೀಸನ ಕಡೆ ತಿರುಗಿ, ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುವ ದನಿಯಲ್ಲಿ, ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ನಾನು ಟೀಚರ್. ನನ್ನ ತಂದೆ ಕಾಲುವೆಯ ಕೆಲಸದವರು. ನಿಮ್ಮ ನೀರು ಎಷ್ಟು ಜೋರಾಗಿ ಹೋಗುತ್ತದೆ ಎಂದು ಅಳೆಯುತ್ತಿದ್ದೇನೆ. ಇದು ನಮ್ಮ ಭಾಷೆ, ಕನ್ನಡ. ಇಗೋ, ಇದು ನಲವತ್ತೊಂದು, ಇದು ಮೂವತ್ತೆಂಟು. ಎಸೆದದ್ದು ಹಣ್ಣು, ಇಗೋ ಇಂಥದ್ದು, ಎಂದು ಉಳಿದ ಕಿತ್ತಳೆಯನ್ನು ಅವನ ಕೈಗೇ ಇಟ್ಟೆ.

ಅವನು ಹಣ್ಣನ್ನು ತಿರುಗಿಸಿ ನೋಡಿದ. ನೋಟ್‌ಬುಕ್ ನೋಡಿದ. ರಿಯಾಜನ ಲೈಸೆನ್ಸ್ ಕೇಳಿ ತೆಗೆದುಕೊಂಡು, ಕಾರಿಗೆ ಹೋಗಿ ಏನೋ ಪರೀಕ್ಷಿಸಿ, ಬಹಳ ಹೊತ್ತಾದ ಮೇಲೆ ಬಂದ. ಅಷ್ಟು ಹೊತ್ತೂ ನನ್ನ ತಮ್ಮ ಬೆಂಚಿನ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದ. "ಮುಗೀತು ಆಪಾ. ಇನ್ನು 'ಇಲ್ಲ' ಅಂತ ಹೆಂಗೆ ಹೇಳ್ಲಿ?" ಅಂದ. ಹದಿನೈದು ವರ್ಷದ ಅವನ ಕಾಯುವಿಕೆಯನ್ನು ಎರಡು ಕಿತ್ತಳೆಯಲ್ಲಿ ಮುಳುಗಿಸಿದೆನೇನೋ ಎನ್ನಿಸಿತು. ಆದರೂ ಕ್ಷಮೆ ಕೇಳಲಿಲ್ಲ. ಮಾಡದ ತಪ್ಪಿಗೆ ಏನೆಂದು ಕೇಳಲಿ?

ಪೊಲೀಸ್ ಲೈಸೆನ್ಸ್ ಹಿಂತಿರುಗಿಸಿ ರಿಯಾಜನನ್ನೇ ಕೇಳಿದ: ಇವರು ಹೇಳುವುದು ನಿಜವೇ? ನಿಮ್ಮ ತಂದೆ ಏನು ಮಾಡುತ್ತಿದ್ದರು?

ರಿಯಾಜ್ ನನ್ನ ಮುಖ ನೋಡಿದ. 'ಇಂಜಿನಿಯರ್' ಎನ್ನುತ್ತಾನೆ ಎಂದುಕೊಂಡೆ. ಅವನು ಹೇಳಿದ: ಕಾಲುವೆಯ ಬಾಗಿಲು ತೆಗೆದು ಹಾಕುತ್ತಿದ್ದರು. ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನೀರು ಅಳೆಯುವಾಗ ಕೆಳಗಿನ ಗುರುತಿನಲ್ಲಿ ನಿಲ್ಲುತ್ತಿದ್ದವನು ನಾನೇ.

ಸರಿ, ತೊಂದರೆಯಿಲ್ಲ ಎಂದು ಪೊಲೀಸ್ ಹಣ್ಣನ್ನು ನನಗೆ ವಾಪಸ್ ಕೊಟ್ಟ.

ಅದೇ ದಂಡೆ: ಮೂರು

"ನಡಿ ಆಪಾ, ಕಾರ್ ಹತ್ತು" ಅಂದ ರಿಯಾಜ್.

ನಾನು ಹತ್ತಲಿಲ್ಲ. ಪೊಲೀಸನಿಗೇ ಹೇಳಿದೆ: ಎರಡು ಸಲ ಆಗಿದೆ, ಮೂರನೆಯದು ಬಾಕಿ. ಮೂರಾಗದೆ ಲೆಕ್ಕ ಮುಗಿಸುವ ಹಾಗಿಲ್ಲ. ಇದನ್ನೂ ಬಿಡುತ್ತೇನೆ. ತಪ್ಪಾದರೆ ಈಗಲೇ ಹೇಳಿಬಿಡಿ, ನಿಮ್ಮ ಮುಂದೆಯೇ ಬಿಡುವವಳು ನಾನು.

ಅವನು ಸೊಂಟದ ಮೇಲೆ ಕೈಯಿಟ್ಟು ಒಂದು ಕ್ಷಣ ನೋಡಿದ. ಕಸ ಹಾಕಬಾರದು ಎಂಬ ಬೋರ್ಡ್ ಇದೆ ಮೇಡಂ, ಎಂದ. ಇದು ಕಸವಲ್ಲ, ಹಣ್ಣು, ಎಂದೆ. ಇದೊಂದೇ, ಇನ್ನು ಬೇಡ, ಎಂದು ಹೇಳಿ ಕಾರಿನೊಳಗೆ ಹೋಗಿ ಕೂತ. ಹೊರಡಲಿಲ್ಲ. ಕಿಟಕಿ ಇಳಿಸಿಕೊಂಡು ನಮ್ಮನ್ನೇ ನೋಡುತ್ತಿದ್ದ.

"ಸಾಕು ಮಾಡು ಆಪಾ! ಅವ್ನು ನೋಡ್ತಾ ಇದಾನೆ."

"ನೋಡ್ಲಿ. ಅಬ್ಬಾನೂ ನೋಡ್ತಿದ್ರು, ದೊಣ್ಣೆ ಹಿಡ್ಕೊಂಡು ಬಂದೋರೂ ನೋಡ್ತಿದ್ರು. ನೋಡೋರ ಎದುರಿಗೇ ಅಳೀಬೇಕು ಅದನ್ನ. ನಿಂಗೆ ಭಯ ಆದ್ರೆ ಕಾರಲ್ಲಿ ಕೂತಿರು, ಹೋಗು."

ಅವನು ಕೀಲಿಕೈ ಗೊಂಚಲನ್ನು ಹಿಸುಕಿಕೊಂಡು ಕಾರಿನ ಕಡೆಗೆ ನಡೆದ. ನಾನು ಮೇಲಿನ ಕಂಬದಿಂದ ಇನ್ನೂ ನಾಲ್ಕು ಹೆಜ್ಜೆ ಆಚೆ ಹೋಗಿ ಹಣ್ಣನ್ನು ಬಿಟ್ಟೆ. ಅದು ಕಂಬ ದಾಟುವಾಗ ಅಭ್ಯಾಸಬಲದಿಂದ ಗಟ್ಟಿಯಾಗಿ ಕೂಗಿದೆ: "ಬಿಟ್ಟೆ!" ಕೂಗಿ ನಡೆಯತೊಡಗಿದೆ. ಹತ್ತು ಹೆಜ್ಜೆಗೇ ಮೊಣಕಾಲು ಹಿಡಿದುಕೊಂಡಿತು. ಹಣ್ಣು ಮುಂದೆ ಹೋಯಿತು. ನಾನು ಬೇಲಿ ಹಿಡಿದು ನಿಂತೆ. ಕೆಳಗಿನ ಕಂಬದ ಹತ್ತಿರ ಯಾರೂ ಇಲ್ಲ. ಎರಡು ಸಲ ಅಳೆದದ್ದೂ ದಂಡ, ತಮ್ಮನ ಸಂದರ್ಶನವೂ ಹಾಳು, ಎಲ್ಲ ಸೇರಿ ಕಣ್ಣಿಗೆ ನೀರು ಬಂತು. ಗಡಿಯಾರವೇ ಮಂಜಾಯಿತು.

"ಬಂತೂ!"

ದಂಡೆಯ ಬಾತುಕೋಳಿಗಳು ಪಟಪಟನೆ ಎದ್ದವು. ಓಡುತ್ತಿದ್ದ ಹೆಂಗಸೊಬ್ಬಳು ನಿಂತೇಬಿಟ್ಟಳು. ಪೊಲೀಸ್ ಕಿಟಕಿಯಿಂದ ತಲೆ ಹೊರಹಾಕಿದ. ಕೆಳಗಿನ ಕಂಬದ ಪಕ್ಕದಲ್ಲಿ ನನ್ನ ತಮ್ಮ, ಚಿಕ್ಕವನಿದ್ದಾಗಿನ ಹಾಗೆಯೇ ಒಂದು ಕೈ ಮೇಲೆತ್ತಿ ನಿಂತಿದ್ದ. ಯಾವಾಗ ಅಲ್ಲಿಗೆ ಹೋದನೋ ನನಗೆ ಕಾಣಲಿಲ್ಲ.

"ಎಷ್ಟಾಯ್ತು ಆಪಾ?" ಎಂದು ಅಲ್ಲಿಂದಲೇ ಕೂಗಿದ, ಇಡೀ ಲಾಕ್‌ಪೋರ್ಟಿಗೆ ಕೇಳುವ ಹಾಗೆ.

ಕಣ್ಣೊರೆಸಿಕೊಂಡು ಗಡಿಯಾರ ನೋಡಿದೆ. "ನಲವತ್ತು!"

ಗುರುವಾರ ಆ ಪ್ರಶ್ನೆ ಬಂತು. ಅವನು ಅರ್ಜಿಯಲ್ಲಿದ್ದ 'ಇಲ್ಲ'ದ ಹಿಂದೆ ಅಡಗಿಕೊಳ್ಳಲಿಲ್ಲ. ಮೊನ್ನೆ ಒಬ್ಬ ಪೊಲೀಸ್ ನಿಲ್ಲಿಸಿ ವಿಚಾರಿಸಿದ, ಕಾರಣ ಮೂರು ಕಿತ್ತಳೆ ಹಣ್ಣು ಎಂದು ಶುರುಮಾಡಿ, ನೀರುಗಂಟಿ ಅಬ್ಬಾನವರೆಗೆ ಎಲ್ಲ ಹೇಳಿದನಂತೆ. ಸಂದರ್ಶನ ಮಾಡುತ್ತಿದ್ದಾಕೆ ಪೆನ್ನು ಕೆಳಗಿಟ್ಟು, ಮೂರು ಸಲ ಏಕೆ ಎಂದು ಕೇಳಿದಳಂತೆ. ಆಕೆಗೆ ಗಾಳಿ ಮತ್ತು ಕಸದ ವಿಷಯ ವಿವರಿಸಿ ಪಾಸಾಗಿ ಬಂದ.

ಅವತ್ತು ದಂಡೆಯ ಬೆಂಚಿನ ಮೇಲೆ, ತಣ್ಣಗಾದ ಕಾಫಿ ಕುಡಿಯುತ್ತ, ನಾನು ಮೂರನೇ ಸಾಲನ್ನು ಬರೆದು ನೋಟ್‌ಬುಕ್ಕನ್ನು ಅವನ ಮುಂದಿಟ್ಟಿದ್ದೆ. ಗುರುವಾರ ಇನ್ನೂ ಮುಂದಿತ್ತು. ಅವನು ಪೆನ್ನು ತೆಗೆದುಕೊಂಡ. ಕನ್ನಡ ಬರೆದು ಎಷ್ಟೋ ವರ್ಷವಾಗಿತ್ತು. ಆ ಪುಟ ಈಗ ನನ್ನ ಮುಂದಿದೆ. ನಲವತ್ತೊಂದು, ಮೂವತ್ತೆಂಟು, ನಲವತ್ತು. ಪಕ್ಕದಲ್ಲಿ, ಒಂದು ಒತ್ತಕ್ಷರ ತಪ್ಪಿ ಹೊಡೆದುಹಾಕಿ ಮತ್ತೆ ತಿದ್ದಿ, ದೊಡ್ಡದಾಗಿ ಬರೆದಿದ್ದಾನೆ: ಸಾಕ್ಷಿ, ರಿಯಾಜ್ ಅಹ್ಮದ್, ನೀರುಗಂಟಿ ಮಗ, ಮಲೇಬೆನ್ನೂರು.